ಬ್ಯಾಟರಿ ನೋಡುವ ಶಾಸ್ತ್ರ

ನಮ್ಮೂರಿನಲ್ಲಿ ಬ್ಯಾಟರಿ ಕೊಳ್ಳುವವರು ಮೊದಲು ಕೇಳುವುದು ಅದು ಇಷ್ಟು ದಿನ ಎಲ್ಲಿ ಕೆಲಸಕ್ಕಿತ್ತು ಎಂದು. ಎಷ್ಟು ವೋಲ್ಟು, ಎಷ್ಟು ವರ್ಷದ್ದು, ನೀರು ಹಾಕುವ ಜಾತಿಯೋ ಹಾಕದ ಜಾತಿಯೋ ಎಂಬುದೆಲ್ಲ ಆಮೇಲಿನ ಮಾತು. ಬ್ಯಾಟರಿ ಮೊದಲು ಯಾವ ಕೆಲಸಕ್ಕೆ ಕೂತಿತ್ತೋ ಆ ಕೆಲಸದ ಚಾಳಿಯನ್ನು ಬಹಳ ಕಾಲ ಬಿಡುವುದಿಲ್ಲ. ನನ್ನ ಸೋದರಮಾವ ಒಮ್ಮೆ ಗೋಡೆ ಗಡಿಯಾರದ ಸೆಲ್ಲುಗಳನ್ನು ತೆಗೆದು ರೇಡಿಯೋಗೆ ಹಾಕಿದರು. ಆ ರೇಡಿಯೋ ಗಂಟೆಗೊಮ್ಮೆ ವಾರ್ತೆಯ ನಡುವೆ ಬಾಯಿ ಮುಚ್ಚಿ, ಗಂಟೆ ಎಷ್ಟಾಯಿತೋ ಅಷ್ಟು ಸಲ ಟಕ್ ಟಕ್ ಎಂದು, ಮತ್ತೆ ಬಿಟ್ಟಲ್ಲಿಂದ ವಾರ್ತೆ ಹಿಡಿಯುತ್ತಿತ್ತು. ಬೇರೆ ಊರಿಂದ ಬಂದ ಅಳಿಯಂದಿರು ಇಂಥದ್ದನ್ನು ಕಂಡು ಒಂದೆರಡು ದಿನ ಬೆರಗಾಗುತ್ತಾರೆ. ಆಮೇಲೆ ಅವರೂ ಟಾರ್ಚು ಕೊಳ್ಳುವ ಮುಂಚೆ ಹಿಂದಿನ ಯಜಮಾನರ ಸ್ವಭಾವ ಹೇಗೆ ಎಂದು ವಿಚಾರಿಸತೊಡಗುತ್ತಾರೆ.

ಹೊಚ್ಚ ಹೊಸದನ್ನೇ ತಂದು ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಮಿಠಾಯಿ ಅಂಗಡಿಯವರು ಹಾಗೇ ಮಾಡಿದರು. ಸಾಮಾನಿನ ಗಾಡಿಗೆ ಹೊಸ ಬ್ಯಾಟರಿ ಹಾಕಿ ಬಿಟ್ಟರು. ಅದಕ್ಕೆ ಏರೇನು, ಇಳಿಜಾರೇನು, ರಸ್ತೆಯೇನು, ಮೆಟ್ಟಿಲೇನು ಎಂಬುದೇ ಗೊತ್ತಿರಲಿಲ್ಲ. ಕಾರಂಜಿಯ ಸುತ್ತ ತಿರುಗಿ ತಿರುಗಿ, ಕೊನೆಗೆ ಮೈಸೂರು ಪಾಕಿನ ತಟ್ಟೆಗಳ ಸಮೇತ ಪುರಸಭೆಯ ಮೆಟ್ಟಿಲು ಹತ್ತಲು ಹೋಯಿತು. ಅಂದಿನಿಂದ, ಹೊಸ ಬ್ಯಾಟರಿ ಒಂದಷ್ಟು ವರ್ಷ ಕೂತಲ್ಲಿ ಕೂತು ಕೆಲಸ ಮಾಡಿದ ಮೇಲೆಯೇ ಚಲಿಸುವ ಯಾವುದಕ್ಕಾದರೂ ಸೇರಬೇಕು ಎಂಬ ಕಟ್ಟಳೆಯಾಗಿದೆ.

ನಾನು ಹಾರ್ಮೋನಿಯಂ ಮೇಷ್ಟ್ರು, ವಾಮನ ಅಂತ ಹೆಸರು. ಮಕ್ಕಳಿಗೆ ಸರಳೆ ವರಸೆ ಹೇಳಿಕೊಡುತ್ತೇನೆ, ತಿದಿ ಹರಿದ ಪೆಟ್ಟಿಗೆಗಳನ್ನು ರಿಪೇರಿ ಮಾಡುತ್ತೇನೆ. ಕಾರಿನ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಒಂದೇ, ಎಡಗಡೆಯ ಸೀಟು ನನ್ನದು, ಬಲಗಡೆಯದು ನನ್ನ ಹೆಂಡತಿ ಇಂದುಮತಿಯದು. ಅವಳು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಮೈದಾನದ ಈ ತುದಿಯಲ್ಲಿ ನಿಂತು ಸೀಟಿ ಊದಿದರೆ ಆ ತುದಿಯ ಹುಡುಗಿಯರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಆ ಸೀಟಿಯನ್ನು ನಿವೃತ್ತಿಯಾದ ದಿನ ತಂದು ಕಾರಿನ ಕನ್ನಡಿಗೆ ತೂಗುಹಾಕಿದಳು. ಕೆನೆ ಬಣ್ಣದ ಪುಟ್ಟ ಪೆಟ್ರೋಲ್ ಕಾರು ಅದು. ನಾಲ್ಕು ಜನ ಕೂತರೆ ಐದನೆಯವರು ಉಸಿರು ಬಿಗಿಹಿಡಿಯಬೇಕು.

ಎರಡು ವರ್ಷದ ಹಿಂದೆ ಇಂದುಮತಿಯ ಕಿಡ್ನಿಗಳು ಕೈಕೊಟ್ಟವು. ಮಂಗಳವಾರ ಮತ್ತು ಶುಕ್ರವಾರ ಗುಡ್ಡದ ಮೇಲಿನ ಆಸ್ಪತ್ರೆಗೆ ಹೋಗಿ, ಡಯಾಲಿಸಿಸ್ ಯಂತ್ರದ ಪಕ್ಕ ಅರ್ಧ ದಿನ ಮಲಗಿ ಬರಬೇಕು. ಕಾರು ಓಡುತ್ತಿದ್ದ ತನಕ ಅದೊಂದು ದೊಡ್ಡ ವಿಷಯವೆಂದು ನಮಗೆ ಅನ್ನಿಸಲೇ ಇಲ್ಲ. ಹೋಗುವಾಗ ಅವಳು ಓಡಿಸುತ್ತಿದ್ದಳು, ಬರುವಾಗ ಸುಸ್ತಾಗಿರುತ್ತಿದ್ದರಿಂದ ನಾನು ಹೇಗೋ ಇಳಿಸಿಕೊಂಡು ಬರುತ್ತಿದ್ದೆ. ಆಮೇಲೆ ಹೊಳೆಯ ಸೇತುವೆ ಸಡಿಲವಾಗಿದೆ, ಟ್ಯಾಂಕರ್ ದಾಟಕೂಡದು ಎಂದು ಬೋರ್ಡು ಬಿತ್ತು. ಪೆಟ್ರೋಲ್ ಬಂಕಿನವರು ಕೆಲವು ದಿನ ಕ್ಯಾನುಗಳಲ್ಲಿ ತಂದು ಕೊಟ್ಟರು, ಆಮೇಲೆ ಬೇಸತ್ತು ಅದೇ ಜಾಗದಲ್ಲಿ ಎಳನೀರು ಮಾರತೊಡಗಿದರು. ಕಾರು ಮನೆಯ ಮುಂದೆ ನಿಂತಿತು. ಬಸ್ಸು ಹೊರಗಿನಿಂದ ಹೊಟ್ಟೆ ತುಂಬಿಸಿಕೊಂಡು ಬರುತ್ತದೆ, ಆದರೆ ಗುಡ್ಡದ ಬುಡದಲ್ಲೇ ನಿಲ್ಲುತ್ತದೆ. ಅಲ್ಲಿಂದ ಮೇಲಕ್ಕೆ ನಡೆಯಬೇಕು.

ಇಂದುಮತಿ ನಡೆದಳು, ನಾನು ಚೀಲ ಹಿಡಿದು ಹಿಂದೆ. ಆಸ್ಪತ್ರೆಗೆಂದೇ ಎತ್ತಿಟ್ಟಿದ್ದ ಬಣ್ಣಗೆಟ್ಟ ಬೂದಿ ಸೀರೆ ಉಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಒಂದೊಂದು ತಿರುವಿಗೂ ಕಲ್ಲಿನ ಮೇಲೆ ಕೂತು ಸುಧಾರಿಸಿಕೊಂಡು ನಡೆದಳು. ಆ ಏರಿನ ಇಕ್ಕೆಲಗಳಲ್ಲೂ ಮನೆಗಳಿವೆ. ಅರ್ಧಕ್ಕರ್ಧ ಮನೆಗಳ ಹೆಂಗಸರು ಅವಳ ಮೈದಾನದಲ್ಲಿ ಓಡಿ ಬೆಳೆದವರು. ಟೈಲರ್ ಅಂಗಡಿ ಇಟ್ಟಿರುವ ಜಯಶೀಲ ಒಂದು ದಿನ ಓಡಿಬಂದು "ಟೀಚರ್, ಕೈ ಹಿಡ್ಕೊಳ್ಳಿ" ಎಂದಳು. ಇಂದುಮತಿ "ಬೇಡಮ್ಮ, ನಿನ್ ಕೆಲಸ ನೋಡ್ಕೋ ಹೋಗು" ಎಂದುಬಿಟ್ಟಳು. ಅವತ್ತು ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ನನಗೆ ಹೇಳಿದಳು, "ಮಳೆ ಹಿಡಿಯೋ ತನಕ ಹೋಗ್ತೀನಿ. ಆಮೇಲೆ ಹೋಗಲ್ಲ ರೀ."

"ಹೋಗಲ್ಲ ಅಂದ್ರೆ?"

"ಹೋಗಲ್ಲ ಅಂದ್ರೆ ಹೋಗಲ್ಲ. ಸಾಕಾಗಿದೆ ನಂಗೆ."

"ಆಂಬುಲೆನ್ಸಿಗೆ ಹೇಳೋಣ ಕಣೆ."

"ಮಲಗಿಸ್ಕೊಂಡು ಹೋಗೋ ಗಾಡಿ ಹತ್ತಲ್ಲ. ಕೂತ್ಕೊಂಡು ಹೋಗೋದಿದ್ರೆ ಹೇಳಿ."

ಹೋಗದಿದ್ದರೆ ಏನಾಗುತ್ತದೆ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.  ಅಂದು ಸಂಜೆಯೇ ನಾನು ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರುವ ಫಿಲೋಮಿನಮ್ಮನ ಹತ್ತಿರ ಹೋದೆ. ಪಂಪಿನ ಮೋಟರು, ಮಿಕ್ಸಿ, ಫ್ಯಾನು ಏನು ಸುಟ್ಟರೂ ಊರಿನವರು ಅವರ ಹತ್ತಿರವೇ ಒಯ್ಯುತ್ತಾರೆ. ಪೆಟ್ರೋಲ್ ಕಾರನ್ನು ಕರೆಂಟಿನ ಕಾರು ಮಾಡಬಹುದೇ ಎಂದು ಕೇಳಿದೆ. ಅವರು ತಾಮ್ರದ ತಂತಿ ಸುತ್ತುತ್ತಲೇ ನನ್ನನ್ನು ಕನ್ನಡಕದ ಮೇಲಿನಿಂದ ನೋಡಿದರು.

"ಮಾಡ್ಬೋದು ಮೇಷ್ಟ್ರೇ. ಕಾರಲ್ಲಿ ಕಷ್ಟ ಏನಿಲ್ಲ. ಇಂಜಿನ್ ಎತ್ತಿ ಬಿಸಾಕಿ ಮೋಟರ್ ಕೂರಿಸೋದು ಒಂದ್ ಕೆಲಸ. ಬ್ಯಾಟರಿ ಹುಡುಕೋದೇ ಇನ್ನೊಂದ್ ಕೆಲಸ. ಹೆಣ್ ಹುಡುಕಿದಂಗೆ ಹುಡುಕ್ಬೇಕು."

ಮೊದಲನೆಯ ಕೆಲಸ ನೋಡುವುದೇ ಒಂದು ಚಂದ. ಹುಣಸೆ ಮರದ ಕೊಂಬೆಗೆ ಚೈನು ಕಟ್ಟಿ ಇಂಜಿನ್ನನ್ನು ಮೇಲಕ್ಕೆಳೆದಾಗ, ಇಷ್ಟು ಸಣ್ಣ ವಸ್ತು ಅಷ್ಟೊಂದು ಗಲಾಟೆ ಮಾಡುತ್ತಿತ್ತೇ ಎಂದು ನನಗೆ ಅಚ್ಚರಿಯಾಯಿತು. ಅದರ ಹಿಂದೆಯೇ ಪೆಟ್ರೋಲ್ ಟ್ಯಾಂಕು, ರೇಡಿಯೇಟರು, ಸೈಲೆನ್ಸರು ಎಲ್ಲ ಹೊರಬಿದ್ದವು. ಸೈಲೆನ್ಸರನ್ನು ನಾನು ಮನೆಗೆ ಒಯ್ದು, ಏನಾದರೂ ಊದುವ ವಾದ್ಯವಾದೀತೇ ಎಂದು ಪರೀಕ್ಷಿಸಿದೆ. ಬಾಯೆಲ್ಲ ಮಸಿಯಾಯಿತೇ ಹೊರತು ವಾದ್ಯವಾಗಲಿಲ್ಲ. ಗೇರ್ ಬಾಕ್ಸ್ ಮಾತ್ರ ಇದ್ದಲ್ಲೇ ಇರಲಿ, ಏರಿಗೆ ಅದು ಬೇಕಾಗುತ್ತದೆ ಎಂದರು ಫಿಲೋಮಿನಮ್ಮ. ಮುಚ್ಚಿಹೋದ ಗೋದಾಮಿನಲ್ಲಿ ಚೀಲ ಎತ್ತುತ್ತಿದ್ದ ಬಂಡಿಯ ಮೋಟರನ್ನು ತಂದು, ದಪ್ಪ ಕಬ್ಬಿಣದ ತಟ್ಟೆಯೊಂದನ್ನು ನಡುವೆ ಕೊಟ್ಟು ಅದನ್ನು ಗೇರ್ ಬಾಕ್ಸಿಗೆ ಜೋಡಿಸಿದರು. ಮೋಟರಿಗೆ ನೆನಪಿನ ಕಾಯಿಲೆ ಇಲ್ಲ. ಕೊಟ್ಟಷ್ಟು ತಿರುಗುವುದೊಂದೇ ಅದಕ್ಕೆ ಗೊತ್ತು.

ಅಂಗಡಿಯ ಕರೆಂಟು ಕೊಟ್ಟು ಮೊದಲ ಸಲ ತಿರುಗಿಸಿದಾಗ ಆ ಸದ್ದಿನಲ್ಲೊಂದು ಅಲೆ ಇತ್ತು. ಹಾರ್ಮೋನಿಯಂನ ಎರಡು ರೀಡುಗಳು ಒಂದಕ್ಕೊಂದು ಕೂಡದಿದ್ದಾಗ ಕೇಳುವ ಅಲೆ. "ಶ್ರುತಿ ಸೇರಿಲ್ಲ" ಎಂದೆ. ಫಿಲೋಮಿನಮ್ಮ ಮರುಮಾತಾಡದೆ ಬೋಲ್ಟುಗಳನ್ನು ಸಡಿಲಿಸಿ, ತಟ್ಟೆಯನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತ ಹೋದರು, ನಾನು ಕಿವಿಗೊಟ್ಟು ಕೂತೆ. ಅಲೆ ಅಡಗಿ ಒಂದೇ ಸ್ವರ ಉಳಿದಾಗ ಬಿಗಿ ಮಾಡಿದರು. ಕಾರಿನ ಕೆಲಸದಲ್ಲಿ ನನ್ನ ಪಾಲು ಇಷ್ಟೇ ಆದರೂ ಆ ವಾರವೆಲ್ಲ ಎದೆಯುಬ್ಬಿಸಿಕೊಂಡೇ ಓಡಾಡಿದೆ.

ಇನ್ನು ಬ್ಯಾಟರಿ. "ಎಂಟು ಬೇಕು. ಎಂಟೂ ಒಂದೇ ಮನೇಲಿ ಬಾಳಿರ್ಬೇಕು" ಎಂದರು ಫಿಲೋಮಿನಮ್ಮ. "ಎರಡು ಮನೇವು ಸೇರಿದ್ರೆ ಒಂದಕ್ಕೊಂದು ಆಗಿ ಬರಲ್ಲ. ಒಂದು ಸೊರಗಿದ್ರೂ ಉಳಿದ ಏಳೂ ಅದರ ಜೊತೆ ಕೂತ್ಬಿಡ್ತವೆ." ಲಿಥಿಯಂ ಆದರೆ ಹಗುರ, ಹೆಚ್ಚು ದೂರ ಎಳೆಯುತ್ತದೆ. ಸೀಸದ್ದಾದರೆ ಹಿಂದಿನ ಸೀಟಿನಲ್ಲಿ ಪೈಲ್ವಾನರನ್ನು ಕೂರಿಸಿದಷ್ಟು ಭಾರ, ಆದರೆ ಆಸ್ಪತ್ರೆಗೆ ಹೋಗಿ ಬರುವಷ್ಟು ದೂರಕ್ಕೆ ಅದೂ ಸಾಕು. ಹಿಂದಿನ ಸ್ಪ್ರಿಂಗುಗಳಿಗೆ ಇನ್ನೆರಡು ಪಟ್ಟಿ ಸೇರಿಸಿದರೆ ತಡೆದುಕೊಳ್ಳುತ್ತದೆ.

ನಮ್ಮೂರಿನಲ್ಲಿ ಬ್ಯಾಟರಿ ನೋಡುವುದಕ್ಕೊಂದು ಶಾಸ್ತ್ರವಿದೆ. ಮೊದಲೇ ಹೇಳಿ ಕಳಿಸಿ, ಒಳ್ಳೆಯ ಹೊತ್ತು ನೋಡಿಕೊಂಡು ಹೋಗಬೇಕು. ಅವರು ಬ್ಯಾಟರಿಯನ್ನು ಒರೆಸಿ, ತುದಿಗಳಿಗೆ ವ್ಯಾಸಲೀನ್ ಸವರಿ, ಮಣೆಯ ಮೇಲೆ ಇಟ್ಟಿರುತ್ತಾರೆ. ಹೋದವರು ಚಾಪೆಯ ಮೇಲೆ ಕೂತು ಕಾಫಿ ಕುಡಿದು, ಅದರ ಕಡೆ ಹೆಚ್ಚು ನೋಡದೆ, ಬೇರೆ ಏನೋ ಮಾತಾಡುತ್ತ ನಡುನಡುವೆ ಅದರ ವಿಷಯ ತೆಗೆಯಬೇಕು. ಕಾಫಿ ಬೇಡ ಎನ್ನುವಂತಿಲ್ಲ. ಇಂದುಮತಿಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಕಟ್ಟು ಹಾಕಿದ್ದರಿಂದ ಅವಳು ಲೋಟಕ್ಕೆ ತುಟಿ ಮುಟ್ಟಿಸಿ ನನ್ನ ಕಡೆ ಜಾರಿಸುತ್ತಿದ್ದಳು. ಹೀಗೆ ಪ್ರತಿ ಮನೆಯಲ್ಲೂ ಎರಡೆರಡು ಲೋಟ ಕುಡಿದು ನನಗೆ ಆ ತಿಂಗಳು ನಿದ್ದೆಯೇ ಬರಲಿಲ್ಲ.

ಮೊದಲು ನೋಡಿದ್ದು ಐಸ್ ಕ್ರೀಮ್ ಗಾಡಿಯ ಲಿಥಿಯಂ. ಹಗುರವಾಗಿ, ಲಕ್ಷಣವಾಗಿ ಇತ್ತು. "ಏರು ಹತ್ತುತ್ತಾ?" ಎಂದು ಕೇಳಿದಳು ಇಂದುಮತಿ. "ಜಮಾಯಿಸಿಬಿಡತ್ತೆ ಟೀಚರ್" ಎಂದ ಗಾಡಿಯವನು, ಆಮೇಲೆ ತಲೆ ಕೆರೆದುಕೊಂಡು, "ಮಕ್ಕಳು ಕಂಡ್ರೆ ಮಾತ್ರ ನಿಲ್ಲತ್ತೆ" ಎಂದ. ಗುಡ್ಡದ ದಾರಿಯಲ್ಲಿ ಒಂದು ಶಾಲೆ, ಎರಡು ಅಂಗನವಾಡಿ ಇದ್ದವು. ಅದನ್ನು ಬಿಟ್ಟೆವು. ಸಿನಿಮಾ ಮಂದಿರದವು ಗಟ್ಟಿಮುಟ್ಟಾಗಿದ್ದವು, ಆದರೆ ಅರ್ಧ ದಾರಿಯಲ್ಲಿ ಇಂಟರ್ವಲ್ ಬಿಡುತ್ತವೆ ಎಂದು ಮ್ಯಾನೇಜರರೇ ಒಪ್ಪಿಕೊಂಡರು. ಮದುವೆ ಮೆರವಣಿಗೆಯ ದೀಪದವರ ಬ್ಯಾಟರಿಗಳಿಗೆ ನಡೆದಾಡಿ ಅಭ್ಯಾಸವಿತ್ತು, ಅದೊಂದು ಗುಣ. ಆದರೆ ಮೆರವಣಿಗೆ ಹೋಗುವಷ್ಟೇ ವೇಗ. "ಇದರಲ್ಲಿ ಹೋದ್ರೆ ಮಂಗಳವಾರ ಹೊರಟು ಶುಕ್ರವಾರ ಮುಟ್ತೀವಿ" ಎಂದಳು ಇಂದುಮತಿ. ಅವಳು ತಮಾಷೆ ಮಾಡಿದ್ದನ್ನು ಕೇಳಿ ಎಷ್ಟೋ ದಿನವಾಗಿತ್ತು, ನನಗೆ ಬಹಳ ಸಂತೋಷವಾಯಿತು.

ಕೊನೆಗೆ ಬ್ಯಾಟರಿಗಳನ್ನು ಕಂಡುಹಿಡಿದವಳು ಅವಳೇ. ಒಂದು ಶುಕ್ರವಾರ ಆಸ್ಪತ್ರೆಯಿಂದ ಇಳಿದು ಬರುತ್ತ, ಎರಡನೆಯ ತಿರುವಿನ ಕಲ್ಲಿನ ಮೇಲೆ ಕೂತು ಹೇಳಿದಳು, ಡಯಾಲಿಸಿಸ್ ಕೋಣೆಗೆ ಹೊಸ ಬ್ಯಾಟರಿಗಳು ಬಂದಿವೆ, ಹಳೆಯ ಎಂಟನ್ನು ಹೊರಗಿಟ್ಟಿದ್ದಾರೆ, ಯಾರಿಗಾದರೂ ಕೊಡುತ್ತಾರಂತೆ.

"ಹೋದ ವರ್ಷ ಗಾಳಿ ಮಳೆ ದಿನ ನಾನು ಅಲ್ಲೇ ಮಲಗಿದ್ದೆ ರೀ. ಊರಿಗೆ ಊರೇ ಕರೆಂಟ್ ಹೋಯ್ತು. ಮಿಷನ್ನು ಮಾತ್ರ ಒಂದ್ಸಲ ಕೂಡ ಮಿಟುಕಲಿಲ್ಲ. ನನ್ ರಕ್ತ ಅರ್ಧ ಹೊರಗಿತ್ತು, ಅರ್ಧ ಒಳಗಿತ್ತು. ಹಿಡ್ಕೊಂಡಿದ್ದು ಆ ಎಂಟೇ." ಅವಳು ಕಲ್ಲಿನಿಂದ ಎದ್ದು, "ನಂಗೆ ಅವನ್ನು ಕಂಡ್ರೆ ನಂಬಿಕೆ" ಎಂದಳು.

ಇದಕ್ಕಿಂತ ಒಳ್ಳೆಯ ಸಂಬಂಧ ಎಲ್ಲಿ ಸಿಗಬೇಕು. ನಾನು ಹೂವು ಹಣ್ಣು ತೆಗೆದುಕೊಂಡು ಹೋಗಿ ಕೇಳಿದೆ, ಆಸ್ಪತ್ರೆಯವರು ಕೊಟ್ಟರು. ಫಿಲೋಮಿನಮ್ಮ ಎಂಟನ್ನೂ ಮೀಟರಿನಿಂದ ಮುಟ್ಟಿ ನೋಡಿ, "ಒಂದಕ್ಕಿಂತ ಒಂದು ಚೆನ್ನಾಗಿವೆ. ಅವಕ್ಕೆ ಕಾಯೋದು ಗೊತ್ತು ಮೇಷ್ಟ್ರೇ. ಓಡೋದು ಗೊತ್ತೋ ಇಲ್ವೋ ನೋಡ್ಬೇಕು" ಎಂದರು. ಆ ಮಾತನ್ನು ನಾನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟೆ. ನಾಲ್ಕನ್ನು ಮುಂದೆ, ಮೋಟರಿನ ಮೇಲೆ ತೊಟ್ಟಿಲು ಮಾಡಿ ಕೂರಿಸಿದರು. ನಾಲ್ಕನ್ನು ಹಿಂದಿನ ಸೀಟು ಕಿತ್ತು ಕೂರಿಸಿದರು. ಒಂದರ ಕೈ ಇನ್ನೊಂದಕ್ಕೆ ಹಿಡಿಸುತ್ತ ಎಂಟನ್ನೂ ದಪ್ಪ ತಂತಿಯಲ್ಲಿ ಕೂಡಿಸಿ, ಆಕ್ಸಿಲರೇಟರಿಗೆ ಸಂಬಂಧ ಕೊಟ್ಟು, ಅರಿಶಿನ ಕುಂಕುಮ ಹಚ್ಚಿದೆವು. ಇಂದುಮತಿ ಬಲಗಡೆ ಕೂತು, ಬೀಗ ತಿರುಗಿಸಿ, ಗೇರು ಹಾಕಿ, ಕಾಲಿಟ್ಟಳು.

ಕಾರು ಅಲ್ಲಾಡಲಿಲ್ಲ.

ಫಿಲೋಮಿನಮ್ಮ ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದರು. ಮೀಟರು ತುಂಬಿದ ಲೆಕ್ಕವನ್ನೇ ತೋರಿಸುತ್ತಿತ್ತು. ಬ್ಯಾಟರಿಗಳನ್ನು ಬಿಟ್ಟು ಅಂಗಡಿಯ ಕರೆಂಟು ಕೊಟ್ಟರೆ ಮೋಟರು ತಿರುಗುತ್ತಿತ್ತು, ಬ್ಯಾಟರಿಗಳಿಗೆ ಕೊಟ್ಟರೆ ಸತ್ತಂತೆ ಬಿದ್ದಿರುತ್ತಿತ್ತು. ಕಾರನ್ನು ನಾಲ್ಕು ಜನ ತಳ್ಳಿಕೊಂಡು ಬಂದು ನಮ್ಮ ಮನೆಯ ಮುಂದೆ ನಿಲ್ಲಿಸಿದರು. ದಿನಗಳು ಹೋದವು. ಗುಡ್ಡದ ಮೇಲೆ ಮೋಡ ಕಟ್ಟತೊಡಗಿತು, ನಾನು ದಿನಾ ಬೆಳಿಗ್ಗೆ ಎದ್ದು ಆ ಮೋಡಗಳನ್ನು ಶಪಿಸುತ್ತಿದ್ದೆ.  ಸಂಜೆ ಹೊತ್ತು ಹೋಗಿ ಕಾರಿನಲ್ಲಿ ಕೂರುವುದು ಇಂದುಮತಿಗೆ ಅಭ್ಯಾಸವಾಯಿತು. ಬೀಗ ತಿರುಗಿಸಿ, ಸುಮ್ಮನೆ ಗೇರು ಹಾಕಿ, ಕಾಲಿಟ್ಟು ನೋಡಿ, ತೆಗೆದು ಇಳಿದು ಬರುತ್ತಿದ್ದಳು.

ಹಾಗೆ ಕೂತಿದ್ದ ಒಂದು ಸಂಜೆ ಜೋರು ಗಾಳಿ ಎದ್ದಿತು. ಎಲ್ಲೋ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದ ಸದ್ದು ಕೇಳಿತು. ಪಕ್ಕದ ಮನೆಯ ಮಿಕ್ಸಿ ಅರ್ಧ ಚಟ್ನಿಗೇ ನಿಂತಿತು, ನನ್ನ ತಲೆಯ ಮೇಲಿನ ಫ್ಯಾನು ನಿಂತಿತು. ಆ ಕ್ಷಣಕ್ಕೆ ಹೊರಗೆ ನನ್ನ ಕಿವಿಗೆ ಚೆನ್ನಾಗಿ ಗೊತ್ತಿದ್ದ ಸ್ವರವೊಂದು ಎದ್ದಿತು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಕಾರು ಅಂಗಳ ದಾಟಿ ನೀರಿನ ಡ್ರಮ್ಮಿಗೆ ಗುದ್ದಿ, ಅದನ್ನು ಉರುಳಿಸಿ, ಇನ್ನೂ ಮುಂದೆ ಹೋಗುವುದರಲ್ಲಿತ್ತು. ಇಂದುಮತಿ ಬ್ರೇಕು ತುಳಿದು ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಗುತ್ತಿದ್ದಳು. ನೀರೆಲ್ಲ ರಸ್ತೆಗೆ ಹರಿಯುತ್ತಿತ್ತು.

"ಗೊತ್ತಾಯ್ತಾ ನಿಮ್ಗೆ?" ಎಂದಳು ಕಣ್ಣೊರೆಸಿಕೊಂಡು. "ಕರೆಂಟ್ ಹೋದ್ರೆ ಏಳೋದು ಅಷ್ಟೇ ರೀ ಇವಕ್ಕೆ ಗೊತ್ತಿರೋದು."

ಸುದ್ದಿ ಕೇಳಿ ಬಂದ ಫಿಲೋಮಿನಮ್ಮ ಹಣೆ ಹಣೆ ಬಡಿದುಕೊಂಡರು. ಆಸ್ಪತ್ರೆಯಲ್ಲಿ ಅವು ವರ್ಷಗಟ್ಟಲೆ ಮಾಡಿದ ಕೆಲಸವೇ ಅದು, ಕರೆಂಟು ಇರುವಾಗ ಸುಮ್ಮನಿರುವುದು, ಹೋದ ಕೂಡಲೇ ಎದ್ದು ನಿಲ್ಲುವುದು. ಊರಿಗೆ ಊರೇ ಬ್ಯಾಟರಿಗಳ ಪೂರ್ವಾಪರ ವಿಚಾರಿಸುತ್ತದೆ. ಅಂಥ ಊರಿನಲ್ಲಿ ಅಷ್ಟು ಕಾಫಿ ಕುಡಿದ ನಾವು ಅವು ನಂಬಿಕಸ್ತವೇ ಎಂದಷ್ಟೇ ಕೇಳಿ ಮನೆಗೆ ತಂದಿದ್ದೆವು. "ಕಲ್ತ್ಕೊಳ್ತವೆ, ಆದ್ರೆ ನಿಧಾನ" ಎಂದರು ಫಿಲೋಮಿನಮ್ಮ. "ಕಲಿಯೋ ತನಕ ಓಡಿಸ್ತಾನೂ ಇರ್ಬೇಕು." ಅಷ್ಟರಲ್ಲಿ ಮಳೆ ಶುರುವಾಯಿತು.

ಲೈನ್‌ಮನ್ ಚೆಲುವಯ್ಯ ನಮ್ಮ ಬಡಾವಣೆಯ ಟ್ರಾನ್ಸ್‌ಫಾರ್ಮರಿನ ಪಕ್ಕದ ಶೆಡ್ಡಿನಲ್ಲೇ ಸಿಗುತ್ತಾನೆ. ನಾನು ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಅವನು ಬೀಡಿ ಕೆಳಗಿಟ್ಟ.

"ಕರೆಂಟ್ ಕೊಡಿ ಅಂತ ಬರೋರ್ನ ದಿನಾ ನೋಡ್ತೀನಿ ಮೇಷ್ಟ್ರೇ. ತೆಗೀರಿ ಅಂತ ಬಂದೋರು ನೀವೇ ಮೊದಲು."

"ಆಗುತ್ತಾ?"

"ತಂತಿ ಪಕ್ಕ ಕೊಂಬೆ ಕಡಿಯೋ ಕೆಲಸ ಹೆಂಗೂ ಬಾಕಿ ಐತೆ. ಅದಕ್ಕೆ ಲೈನ್ ಆಫ್ ಮಾಡ್ಲೇಬೇಕು. ಮಂಗಳವಾರ, ಶುಕ್ರವಾರ ಟೀಚರ್ ಹೊರಡೋ ಹೊತ್ತಿಗೆ ಕಡಿದ್ರಾಯ್ತು ಬಿಡಿ."

ಹೀಗೆ ಶುರುವಾಯಿತು. ಚೆಲುವಯ್ಯ ಸ್ವಿಚ್ಚು ಎಳೆಯುತ್ತಿದ್ದ, ಊರು ನಿಶ್ಶಬ್ದವಾಗುತ್ತಿತ್ತು, ನಮ್ಮ ಕಾರು ಗುಂಯ್ ಎಂದು ಹೊರಡುತ್ತಿತ್ತು. ಆಸ್ಪತ್ರೆಗೆ ಬೇರೆಯದೇ ಲೈನು. ಹಾಗಾಗಿ ಗೇಟಿನ ಹತ್ತಿರ ಹೋದ ಕೂಡಲೇ ಅಲ್ಲಿನ ಕರೆಂಟಿನ ಸುಳಿವು ಸಿಕ್ಕಿ ತಾನಾಗಿ ನಿಲ್ಲುತ್ತಿತ್ತು. ಬರುವಾಗ ಇಳಿಜಾರು, ಯಾರ ಹಂಗೂ ಇಲ್ಲ. ನಾನು ಬ್ರೇಕು ಹಿಡಿದು ಕೂತರೆ ಅದು ಉರುಳಿಕೊಂಡು ನಮ್ಮ ಬೀದಿಗೆ ಬಂದು ಸೇರುತ್ತಿತ್ತು.

ಜನ ಗೊಣಗಿದರು. ಯಾಕೆ ಗೊಣಗಬಾರದು. ಹಿಟ್ಟಿನ ಗಿರಣಿಯ ಮಾಲಿಂಗಪ್ಪನ ಕಲ್ಲು ಅರ್ಧ ರಾಗಿಗೆ ನಿಲ್ಲುತ್ತಿತ್ತು, ಜಯಶೀಲಳ ಹೊಲಿಗೆ ಯಂತ್ರ ಅರ್ಧ ತೋಳಿಗೆ ನಿಲ್ಲುತ್ತಿತ್ತು. ಫ್ಯಾನಿಲ್ಲದೆ ಒಳಗೆ ಕೂರಲಾರದೆ ಎಲ್ಲರೂ ಜಗಲಿಗೆ ಬಂದು ಸೆರಗಿನಿಂದ, ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತ ನಿಲ್ಲುತ್ತಿದ್ದರು. ಅದೇ ಹೊತ್ತಿಗೆ ನಮ್ಮ ಕಾರು ಹೋಗುತ್ತಿತ್ತು. ಮೊದಮೊದಲು ಇಂದುಮತಿ ನೇರ ರಸ್ತೆ ನೋಡುತ್ತಿದ್ದಳು, ಅತ್ತಿತ್ತ ತಲೆ ತಿರುಗಿಸುತ್ತಿರಲಿಲ್ಲ. ಜಯಶೀಲ ಕೈ ಎತ್ತಿದರೂ ಕಾಣದವಳಂತೆ ಇರುತ್ತಿದ್ದಳು. "ನನ್ನಿಂದ ಎಲ್ರಿಗೂ ತೊಂದ್ರೆ" ಎಂದು ಮನೆಯಲ್ಲಿ ಹೇಳುತ್ತಿದ್ದಳು. ಕಾರು ಓಡಿದರೂ ಅವಳ ಮನಸ್ಸು ಇನ್ನೂ ಅದೇ ಕಲ್ಲಿನ ಮೇಲೆ ಕೂತಿದೆ ಎಂದು ನನಗೆ ಗೊತ್ತಿತ್ತು. ಬೂದಿ ಸೀರೆಯೂ ಬದಲಾಗಿರಲಿಲ್ಲ.

ಆಷಾಢದ ಒಂದು ಶುಕ್ರವಾರ ಮಳೆ ಜಿನುಗುತ್ತಿತ್ತು. ಎರಡನೆಯ ತಿರುವು ದಾಟಿ ಏರಿನ ಕಡಿದಾದ ಭಾಗಕ್ಕೆ ಬಂದೆವು. ಆಗ ಎಲ್ಲ ಮನೆಗಳ ರೇಡಿಯೋಗಳೂ ಒಟ್ಟಿಗೆ ಮಾತಾಡಿದವು, ಗ್ರೈಂಡರುಗಳು ಗುರುಗುಟ್ಟಿದವು. ಕಾರು ನಿಂತಿತು. ಮೇಲಿನ ಆಫೀಸಿನಿಂದ ಯಾರೋ ಬಂದವರು, ಲೈನು ಯಾಕೆ ಆಫ್ ಆಗಿದೆ ಎಂದು ಗದರಿಸಿ ಹಾಕಿಸಿದರಂತೆ, ಅದು ನಮಗೆ ಆಮೇಲೆ ಗೊತ್ತಾದದ್ದು. ಇಂದುಮತಿ ಹ್ಯಾಂಡ್ ಬ್ರೇಕು ಎಳೆದು ಹಿಡಿದಳು. ಎಂಟು ಬ್ಯಾಟರಿಗಳ ಭಾರಕ್ಕೆ ಕಾರು ಒದ್ದೆ ರಸ್ತೆಯಲ್ಲಿ ಇಷ್ಟಿಷ್ಟೇ ಹಿಂದಕ್ಕೆ ಜಾರುತ್ತಿತ್ತು. ನಾನು ಇಳಿದು ಚಕ್ರದ ಹಿಂದೆ ಕಲ್ಲಿಟ್ಟೆ. ಅವಳ ಮುಖ ಬಿಳಿಚಿಕೊಂಡಿತ್ತು.

"ಮನೆಗೆ ಹೋಗೋಣ ರೀ" ಎಂದಳು. "ಇವತ್ತಿಗೆ ಸಾಕು. ಯಾವತ್ತಿಗೂ ಸಾಕು."

  ಆಗ ಜಯಶೀಲ ಅಂಗಡಿಯಿಂದ ಟೇಪು ಕೊರಳಲ್ಲಿ ಹಾಕಿಕೊಂಡೇ ಹೊರಗೆ ಬಂದಳು. ಕಾರನ್ನು ನೋಡಿದಳು, ತನ್ನ ಉರಿಯುವ ಬಲ್ಬನ್ನು ನೋಡಿದಳು. ಒಳಗೆ ಹೋಗಿ ಮೈನ್ ಸ್ವಿಚ್ ಕೆಳಗೆಳೆದಳು. ಮೋಟರು ನಡುಗಿತು. ಇಂದುಮತಿ ಕಾಲಿಟ್ಟಳು. ಕಾರು ಜಯಶೀಲಳ ಅಂಗಡಿಯ ಅಗಲದಷ್ಟು ಮೇಲೆ ಹೋಗಿ, ಮುಂದಿನ ಮನೆಯ ಗ್ರೈಂಡರಿನ ಎದುರು ನಿಂತಿತು.

"ಪದ್ಮಕ್ಕ, ಮೈನ್ ತೆಗೀರಿ" ಎಂದು ಜಯಶೀಲ ಕೂಗಿದಳು. ಗ್ರೈಂಡರು ನಿಂತಿತು, ಕಾರು ಇನ್ನೊಂದು ಮನೆಯಷ್ಟು ಹತ್ತಿತು. ಆಮೇಲಿನ ಮನೆಯಲ್ಲಿ ಯಾರಿಗೂ ಕೇಳಿಸಲಿಲ್ಲ, ಮಳೆಯ ಸದ್ದು ಹೆಚ್ಚಾಗಿತ್ತು. ಆಸ್ಪತ್ರೆಯ ತನಕ ಇನ್ನೂ ಎಷ್ಟೋ ಮನೆಗಳು.

ಇಂದುಮತಿ ಕನ್ನಡಿಯ ಕಡೆ ನೋಡಿದಳು. ಕೈ ಎತ್ತಿ ಅಲ್ಲಿ ತೂಗುತ್ತಿದ್ದ ಸೀಟಿಯನ್ನು ತೆಗೆದುಕೊಂಡು, ಗಾಜು ಇಳಿಸಿ, ತಲೆ ಹೊರಗೆ ಹಾಕಿ ಊದಿದಳು. ಅಷ್ಟು ಉಸಿರು ಅವಳಲ್ಲಿ ಇನ್ನೂ ಇದೆ ಎಂದು ನಾನು ಎಣಿಸಿರಲಿಲ್ಲ. ಆ ಸದ್ದು ಏರಿನ ಉದ್ದಕ್ಕೂ ಹೋಯಿತು. ಬಾಗಿಲುಗಳು ತೆರೆದವು. ಸೊಂಟದಲ್ಲಿ ಮಗು ಇದ್ದವರು, ಕೈಯಲ್ಲಿ ಸೌಟು ಇದ್ದವರು, ತಲೆ ನರೆತವರು, ಎಲ್ಲ ಹೆಂಗಸರೂ ಹೊಸ್ತಿಲಿಗೆ ಬಂದು ಬೆನ್ನು ನೆಟ್ಟಗೆ ಮಾಡಿ ನಿಂತರು. ಜಯಶೀಲ ರಸ್ತೆಯ ನಡುವೆ ನಿಂತು ಕೈಯನ್ನು ಮೇಲಿನಿಂದ ಕೆಳಕ್ಕೆ ಎಳೆದು ತೋರಿಸಿದಳು. ಇಂದುಮತಿ ಇನ್ನೊಮ್ಮೆ ಊದಿದಳು. ಏರಿಗೆ ಏರೇ ಸದ್ದಡಗಿತು. ಮಳೆಯೊಂದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ, ಆಮೇಲೆ ನಮ್ಮ ಮೋಟರಿನ ಸ್ವರ ಎದ್ದಿತು.

ನಾನು ಓಡಿಬಂದು ಎಡಗಡೆಯ ಸೀಟಿಗೆ ಹಾರಿ ಕೂತೆ. ಇಂದುಮತಿ ಬಾಯಲ್ಲಿ ಸೀಟಿ ಕಚ್ಚಿಕೊಂಡೇ ಗುಡ್ಡ ಹತ್ತಿಸಿದಳು. ಈ ಸಲ ಅತ್ತಿತ್ತ ನೋಡಿದಳು. ಪ್ರತಿ ಹೊಸ್ತಿಲಿಗೂ ತಲೆಯಾಡಿಸಿದಳು. ಒಂದು ಕಡೆ ನಿಧಾನ ಮಾಡಿ, ಸೀಟಿ ತೆಗೆದು, "ಏ ಗಂಗೂ, ದಪ್ಪಗಾಗಿದ್ದೀಯಲ್ಲೇ, ಓಡೋದು ಬಿಟ್ಟೆಯಾ" ಎಂದಳು. ಗಂಗು ಎಂಬ ನಲವತ್ತು ದಾಟಿದ ಹೆಂಗಸು ತಲೆ ತಗ್ಗಿಸಿ, "ನಾಳೆಯಿಂದ ಓಡ್ತೀನಿ ಟೀಚರ್" ಎಂದಳು.

ಅದಾದ ಮೇಲೆ ಚೆಲುವಯ್ಯನಿಗೂ ಆಫೀಸಿನವರಿಗೂ ಏನೋ ಒಪ್ಪಂದವಾಯಿತು, ಕರೆಂಟು ನಡುವೆ ಬರುವುದು ನಿಂತಿತು. ಮಂಗಳವಾರ, ಶುಕ್ರವಾರ ಜಗಲಿಗಳಲ್ಲಿ ಜನ ನಿಲ್ಲುತ್ತಿದ್ದರು. ಇಂದುಮತಿ ಒಬ್ಬರಿಗೆ ಮಗಳ ಮದುವೆ ಏನಾಯಿತು ಎಂದು ಕೇಳುವಳು, ಇನ್ನೊಬ್ಬರಿಗೆ ಬೆನ್ನು ನೋವಿಗೆ ವ್ಯಾಯಾಮ ಹೇಳುವಳು, ಮಾಲಿಂಗಪ್ಪನಿಂದ ಬೈಸಿಕೊಂಡು ತಿರುಗಿ ಬೈಯುವಳು. ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿಯತೊಡಗಿತು. ಮೆರವಣಿಗೆಯ ಬ್ಯಾಟರಿಯನ್ನೇ ತರಬಹುದಿತ್ತು ಎಂದು ನಾನು ರೇಗಿಸುತ್ತಿದ್ದೆ.

ದೀಪಾವಳಿಯ ಹಿಂದಿನ ಮಂಗಳವಾರ ಆಸ್ಪತ್ರೆಯ ಗೇಟಿಗೆ ಬಂದೆವು. ಕಾರು ನಿಲ್ಲಲಿಲ್ಲ. ಇಂದುಮತಿ ಬ್ರೇಕು ತುಳಿದು ನಿಲ್ಲಿಸಿದಳು. 

"ಕಲ್ತುಬಿಟ್ಟಿವೆ ರೀ" ಎಂದಳು. ಆಮೇಲೆ, "ಚೆಲುವಯ್ಯಂಗೆ ಹೇಳಿಬಿಡಿ. ಇನ್ನು ಕರೆಂಟ್ ತೆಗೆಯೋದು ಬೇಡ ಅಂತ. ಪಾಪ, ಜಯಶೀಲಂಗೆ ಹಬ್ಬದ ಬಟ್ಟೆ ರಾಶಿ ಬಿದ್ದಿರತ್ತೆ" ಎಂದಳು. ಹೇಳುವಾಗ ಅವಳು ಹಿಂದಕ್ಕೆ ತಿರುಗಿ ಏರಿನ ಕಡೆ ನೋಡಿದಳು. ಜಗಲಿಗಳಲ್ಲಿ ಇನ್ನೂ ಜನ ನಿಂತಿದ್ದರು. ಅವಳಿಗೆ ಬೇಜಾರಾಗಿತ್ತು, ನನಗೂ ಆಗಿತ್ತು.

ಅವಳು ಒಳಗೆ ಮಲಗಿದ್ದಾಗ ನಾನು ನಡೆದುಕೊಂಡೇ ಕೆಳಗಿಳಿದು ಶೆಡ್ಡಿಗೆ ಹೋದೆ. ಚೆಲುವಯ್ಯ ಬೀಡಿ ಸೇದುತ್ತ ಕೂತಿದ್ದ. ಕರೆಂಟು ತೆಗೆಯುವುದು ಇನ್ನು ಬೇಡ, ಬ್ಯಾಟರಿಗಳು ಕಲಿತಿವೆ, ಇಷ್ಟು ದಿನ ಮಾಡಿದ ಉಪಕಾರ ಮರೆಯುವುದಿಲ್ಲ ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

"ನಾನು ಗೌರಿ ಹಬ್ಬದಿಂದ ಲೈನ್ ಆಫ್ ಮಾಡೇ ಇಲ್ಲ ಮೇಷ್ಟ್ರೇ. ಹಬ್ಬದ ದಿನ ಮರೆತೇಬಿಟ್ಟಿದ್ದೆ. ಓಡಿಬಂದು ನೋಡ್ತೀನಿ, ನಿಮ್ ಕಾರು ಕರೆಂಟ್ ಇದ್ರೂ ಹೋಗ್ತಾ ಐತೆ. ಸರಿ, ಕಲ್ತವೆ ಅಂತ ಸುಮ್ಮನಾದೆ. ಆಸ್ಪತ್ರೆ ಅವುಗಳ ಹಳೇ ಮನೆ, ಆ ಗೇಟಿನ ಚಾಳಿ ಬಿಡೋಕೆ ಇನ್ನಷ್ಟು ದಿನ ಹಿಡಿದಿರ್ಬೇಕು. ಇನ್ನು ಕಡಿಯೋಕೆ ಕೊಂಬೆ ಆದ್ರೂ ಎಲ್ಲಿ ಅವೆ?"

ನಾನು ರಸ್ತೆಯ ಕಡೆ ನೋಡಿದೆ. ಹೊಂಗೆ ಮರಗಳೆಲ್ಲ ಬೋಳಾಗಿ ನಿಂತಿದ್ದವು. ಗಿರಣಿ ತಿರುಗುತ್ತಿತ್ತು.

"ಮತ್ತೆ ಜನ ಎಲ್ಲ ಹೊರಗೆ ಬಂದು ನಿಂತಿರ್ತಾರಲ್ಲೋ" ಎಂದೆ. "ಫ್ಯಾನು, ಮಿಷನ್ನು, ಎಲ್ಲಾನೂ ಬಿಟ್ಟು."

ಚೆಲುವಯ್ಯ ಬೀಡಿಯ ಬೂದಿ ಕೊಡವಿದ. "ಮಂಗಳವಾರ ಅಲ್ವಾ ಮೇಷ್ಟ್ರೇ" ಎಂದ.

ಸಂಜೆ ಇಳಿಜಾರಿನಲ್ಲಿ ಬ್ರೇಕು ಹಿಡಿದುಕೊಂಡು ಬರುತ್ತ ಇಂದುಮತಿಗೆ ಇದನ್ನು ಹೇಳಿದೆ. ಅವಳು ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದಳು, ನಿದ್ದೆ ಹೋಗಿದ್ದಾಳೆಂದೇ ನಾನು ಅಂದುಕೊಂಡೆ. ಜಯಶೀಲಳ ಅಂಗಡಿ ದಾಟುವಾಗ ಒಳಗೆ ಹೊಲಿಗೆ ಯಂತ್ರ ಭರದಿಂದ ಓಡುತ್ತಿತ್ತು. ನಮ್ಮ ಬೀದಿಯ ತಿರುವಿಗೆ ಬಂದಾಗ ಅವಳು ಕಣ್ಣು ತೆರೆಯದೆಯೇ ಮಾತಾಡಿದಳು.

"ಆ ಹಸಿರು ಅಂಚಿನ ರೇಷ್ಮೆ ಸೀರೆ ಇದೆಯಲ್ಲ, ಪೆಟ್ಟಿಗೆ ತಳದಲ್ಲಿ. ನಾಳೆ ಇಸ್ತ್ರಿಗೆ ಕೊಟ್ಟುಬನ್ನಿ. ಶುಕ್ರವಾರಕ್ಕೆ ಬೇಕು."